ಗೃಹೋಪಯೋಗಿ ವಿಚಾರ: ತೆರೆಯ ರೆಕಾರ್ಡು, ಅದರ ಕೀಲಿಗಳು ಮತ್ತು ಕಡತಗಳು

ಪರದೇಶದಲ್ಲಿರುವ ಮಕ್ಕಳೊಡನೆ ಕಂಪ್ಯೂಟರಿನ ತೆರೆಯ ಮೇಲೆ ಮುಖ ನೋಡಿ ಮಾತನಾಡುವುದು, ಹುಡುಗರು ಮನೆಯಲ್ಲಿಯೇ ಕುಳಿತು ಉಪಾಧ್ಯಾಯರ ಪಾಠವನ್ನು ಕೇಳುವುದು, ಹಿರಿಯರಿಂದ ಹಾಡು ಹಸೆಗಳನ್ನು ಕಲಿಯುವುದು, ಇವು ಈಗ ಅನೇಕ ಮನೆಗಳಲ್ಲಿ ನಿತ್ಯದ ಸಂಗತಿಗಳಾಗಿವೆ. ತೆರೆಯ ಮೇಲೆ ನಡೆಯುವುದನ್ನು ಧ್ವನಿಸಹಿತವಾಗಿ ಹಿಡಿದಿಡುವ ಸಾಧನಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಉತ್ತಮವಾದ ಕೆಲವು ಹಣ ಕೊಡದೆಯೇ ದೊರೆಯುವುವು. ಆದರೆ ಸಾಧನವನ್ನು ತಂದಿಟ್ಟುಕೊಂಡ ಮಾತ್ರಕ್ಕೆ ಕೆಲಸವಾಯಿತೆಂದು ತಿಳಿಯಲಾಗದು. ಯಾವ ಕೀಲಿಯನ್ನೊತ್ತಿದರೆ ರೆಕಾರ್ಡು ಆರಂಭವಾಗುವುದು, ಯಾವುದನ್ನೊತ್ತಿದರೆ ನಿಲ್ಲುವುದು, ನಿಂತ ಮೇಲೆ ಹಿಡಿದದ್ದು ಎಲ್ಲಿ, ಯಾವ ಹೆಸರಿನಿಂದ, ಯಾವ ರೂಪದಲ್ಲಿ ಸೇರುವುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದವರು ಒಂದಲ್ಲ ಒಂದು ದಿನ ಪಶ್ಚಾತ್ತಾಪ ಪಡಬೇಕಾಗುವುದು. ನಾವು ಪಟ್ಟವರು. ಆದಕಾರಣ ಈ ತಿಂಗಳ ಲೇಖನವನ್ನು ಇದಕ್ಕೇ ಮೀಸಲಿಟ್ಟಿರುವೆವು.

ನಮ್ಮ ಸೋದರತ್ತೆಯವರಿಗೆ ಎಂಬತ್ತು ದಾಟಿದೆ. ಎಣ್ಣೆ ಶಾಸ್ತ್ರದಿಂದ ಹಿಡಿದು ಹೆಣ್ಣೊಪ್ಪಿಸಿಕೊಡುವವರೆಗಿನ ಮದುವೆಮನೆಯ ಹಾಡುಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದುವು. ಹೊರದೇಶದಲ್ಲಿರುವ ನಮ್ಮ ಮಗಳು ಅವನ್ನು ಕಲಿಯಬೇಕೆಂದು ಆಸೆಪಟ್ಟುದರಿಂದ, ಒಂದು ಭಾನುವಾರ ಮಧ್ಯಾಹ್ನ ಅತ್ತೆಯವರನ್ನು ಕಂಪ್ಯೂಟರಿನ ಮುಂದೆ ಕುಳ್ಳಿರಿಸಿ, ಅವರು ಹಾಡುವುದನ್ನೂ ಆಕೆ ನಡುನಡುವೆ ಕೇಳಿದ ಪ್ರಶ್ನೆಗಳನ್ನೂ ರೆಕಾರ್ಡು ಮಾಡಲು ತೊಡಗಿದೆವು. ಒಂದು ಗಂಟೆಗೂ ಮೇಲ್ಪಟ್ಟು ಹದಿನೇಳು ಹಾಡುಗಳಾದುವು. ಕಡೆಯ ಹಾಡು ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಅದು ಬಂದ ಮೇಲೆ ನೋಡಿದರೆ ಕಡತವೇನೋ ಇದ್ದಿತು, ಅದರ ಗಾತ್ರವೂ ದೊಡ್ಡದಾಗಿಯೇ ಇದ್ದಿತು. ಆದರೆ ಏನು ಮಾಡಿದರೂ ತೆರೆಯಲಿಲ್ಲ. ಸಾಧನವನ್ನು ದೂರಿ ಫಲವಿಲ್ಲ; ಕಡತದ ಬಗೆಯನ್ನು ನೋಡದೆ ಆರಿಸಿದವರು ನಾವು.

ಮರುದಿನ ಮತ್ತೆ ಹಾಡಬೇಕೆಂದು ಕೇಳಿದಾಗ ಅತ್ತೆಯವರು, "ಅಯ್ಯೋ ಮಗೂ, ಹಾಡೇನು ಡಬ್ಬಿಯಲ್ಲಿಟ್ಟ ಅವಲಕ್ಕಿಯೇ, ಕೇಳಿದಾಗಲೆಲ್ಲ ತೆಗೆದುಕೊಡುವುದಕ್ಕೆ?" ಎಂದರು. ಮೂರು ವಾರಗಳ ತರುವಾಯ ಕುಳಿತರು. ಹನ್ನೊಂದು ಹಾಡುಗಳು ಬಂದುವು. ಉಳಿದ ಆರರಲ್ಲಿ ಕೆಲವಕ್ಕೆ ಮೊದಲ ಸಾಲು ಮಾತ್ರ ನೆನಪಾಯಿತು, ಕೆಲವಕ್ಕೆ ಅದೂ ಇಲ್ಲ. ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದೆಂಬುದೇ ಮುಂದಿನ ಮಾತುಗಳ ಉದ್ದೇಶ.

ವಿವರಣೆಗೆ ಒಂದು ಸಾಧನವನ್ನು ಹಿಡಿದುಕೊಳ್ಳುವುದು ಮೇಲು. ಹ್ಯೂ ಬೈಲಿ ಎಂಬವರು ೨೦೧೨ರಲ್ಲಿ ಆರಂಭಿಸಿದ, ಈಗ ಓ.ಬಿ.ಎಸ್. ಸ್ಟುಡಿಯೊ ಎಂದು ಪ್ರಸಿದ್ಧವಾಗಿರುವ ಸಾಧನವು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುವುದು, ಇದಕ್ಕೆ ಕ್ರಯವಿಲ್ಲ. ಬೇರೆ ಸಾಧನವುಳ್ಳವರೂ ಇಲ್ಲಿನ ಮಾತುಗಳನ್ನು ಸ್ವಲ್ಪ ಹೆಚ್ಚುಕಡಿಮೆಯಿಂದ ಅನ್ವಯಿಸಿಕೊಳ್ಳಬಹುದು.

ಕೀಲಿಗಳ ಏರ್ಪಾಡು.— ಓ.ಬಿ.ಎಸ್.ನಲ್ಲಿ ರೆಕಾರ್ಡಿಂಗಿನ ಆರಂಭಕ್ಕೂ ನಿಲುಗಡೆಗೂ ಮೊದಲಿನಿಂದ ಯಾವ ಕೀಲಿಯೂ ಗೊತ್ತಾಗಿರುವುದಿಲ್ಲ, ನಾವೇ ಗೊತ್ತುಮಾಡಬೇಕು. ಸೆಟ್ಟಿಂಗ್ಸ್ ಎಂಬಲ್ಲಿ ಹಾಟ್‌ಕೀಸ್ ಎಂಬ ಪುಟವನ್ನು ತೆಗೆದರೆ, ಸ್ಟಾರ್ಟ್ ರೆಕಾರ್ಡಿಂಗ್, ಸ್ಟಾಪ್ ರೆಕಾರ್ಡಿಂಗ್, ಪಾಸ್ ರೆಕಾರ್ಡಿಂಗ್ ಮೊದಲಾದ ಹೆಸರುಗಳೂ ಅವುಗಳ ಮುಂದೆ ಖಾಲಿ ಮನೆಗಳೂ ಕಾಣುವುವು. ಖಾಲಿ ಮನೆಯ ಮೇಲೆ ಮೌಸಿನಿಂದ ಒತ್ತಿ, ಬೇಕಾದ ಕೀಲಿಗಳನ್ನು ಒಟ್ಟಿಗೆ ಅದುಮಿದರೆ ಅವು ಅಲ್ಲಿ ದಾಖಲಾಗುವುವು. ಬಳಿಕ ಅಪ್ಲೈ ಎಂಬುದನ್ನು ಒತ್ತುವುದನ್ನು ಮರೆಯಬಾರದು.

ಇಲ್ಲಿ ಮೂರು ಎಚ್ಚರಿಕೆಗಳುಂಟು. ಒಂದನೆಯದು, ಒಂಟಿ ಅಕ್ಷರದ ಕೀಲಿಯನ್ನು ಎಂದಿಗೂ ಇಡಬಾರದು. ಓ.ಬಿ.ಎಸ್. ಹಿಂದೆ ಮರೆಯಾಗಿದ್ದು ಬೇರೆ ಕಿಟಕಿ ಮುಂದಿರುವಾಗಲೂ ಈ ಕೀಲಿಗಳು ಕೆಲಸ ಮಾಡುವುವು. ಅವುಗಳ ಪ್ರಯೋಜನವೇ ಅದು. ಆದರೆ ಆರ್ ಎಂಬ ಅಕ್ಷರವನ್ನೇ ನಿಲುಗಡೆಗೆ ಇಟ್ಟವರು ಪಾಠದ ನಡುವೆ ಯಾರಿಗಾದರೂ ಎರಡು ಸಾಲು ಬರೆಯಹೊರಟರೆ, ಆ ಅಕ್ಷರ ಬಂದೊಡನೆ ರೆಕಾರ್ಡು ನಿಂತುಹೋಗುವುದು. ಆದುದರಿಂದ ಕಂಟ್ರೋಲ್, ಶಿಫ್ಟ್ ಎರಡರೊಡನೆ ಮೇಲಿನ ಸಾಲಿನ ಎಫ್೯, ಎಫ್೧೦ರಂತಹ ಕೀಲಿಯನ್ನು ಸೇರಿಸುವುದು ಯುಕ್ತ. ಮಡಿಸುವ ಕಂಪ್ಯೂಟರುಗಳಲ್ಲಿ ಈ ಮೇಲಿನ ಸಾಲು ಸದ್ದು ಬೆಳಕುಗಳನ್ನು ಹೆಚ್ಚು ಕಡಿಮೆ ಮಾಡುವುದಕ್ಕೆ ಮೀಸಲಾಗಿರಬಹುದು. ಹಾಗಿದ್ದರೆ ಎಫ್‌ಎನ್ ಕೀಲಿಯನ್ನೂ ಕೂಡಿಸಿ ಒತ್ತಬೇಕಾಗುವುದು.

ಎರಡನೆಯದು, ಬೇರೆ ಕೆಲಸಕ್ಕೆ ಗೊತ್ತಾದ ಜೋಡಿಯನ್ನು ಕಿತ್ತುಕೊಳ್ಳಬಾರದು. ಕಂಟ್ರೋಲ್ ಮತ್ತು ಎಸ್ ಎಂಬುದು ಬರೆದುದನ್ನು ಉಳಿಸುವುದಕ್ಕೆ ಸಲ್ಲತಕ್ಕದ್ದು. ವಿಂಡೋಸಿನಲ್ಲಿ ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಹೋಗಲು ವಿಂಡೋಸ್ ಕೀಲಿ ಮತ್ತು ಸ್ಪೇಸ್ ಎಂಬ ಜೋಡಿಯಿದೆ. ಕನ್ನಡದಲ್ಲಿ ಬರೆಯುವ ನಮ್ಮ ವಾಚಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮೂರನೆಯದು, ಆರಂಭಕ್ಕೂ ನಿಲುಗಡೆಗೂ ಒಂದೇ ಜೋಡಿಯನ್ನು ಇಡಬಹುದು. ಒಮ್ಮೆ ಒತ್ತಿದರೆ ಆರಂಭ, ಮತ್ತೊಮ್ಮೆ ಒತ್ತಿದರೆ ನಿಲುಗಡೆ. ಕೇಳುವುದಕ್ಕೆ ಸುಲಭವಾದರೂ ಗೃಹಸ್ಥರಿಗೆ ಇದನ್ನು ನಾವು ಹೇಳೆವು. ಒತ್ತಿದೆನೋ ಇಲ್ಲವೋ ಎಂಬ ಸಂದೇಹದಿಂದ ಇನ್ನೊಮ್ಮೆ ಒತ್ತಿದವರು, ನಡೆಯುತ್ತಿದ್ದ ರೆಕಾರ್ಡನ್ನು ತಾವೇ ನಿಲ್ಲಿಸಿ ನಿಶ್ಚಿಂತೆಯಿಂದ ಕುಳಿತುಬಿಡುವರು. ಬೇರೆ ಬೇರೆ ಜೋಡಿಗಳಿದ್ದರೆ ಆರಂಭದ ಕೀಲಿಯನ್ನು ಎರಡು ಸಲ ಒತ್ತಿದರೂ ಹಾನಿಯಿಲ್ಲ. ಕಿಟಕಿಯ ಕೆಳ ಅಂಚಿನಲ್ಲಿ ಕಾಲದ ಅಂಕಿಗಳು ಓಡುತ್ತಿವೆಯೇ ಎಂದು ಕಣ್ಣಾರೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಲೇಸು. ಮ್ಯಾಕ್ ಉಳ್ಳವರು ಓ.ಬಿ.ಎಸ್.ಗೆ ಅದು ಕೇಳುವ ಅನುಮತಿಗಳನ್ನು ಮೊದಲೇ ಕೊಟ್ಟಿರಬೇಕು. ಇಲ್ಲದಿದ್ದರೆ ಬೇರೆ ಕಿಟಕಿ ಮುಂದಿರುವಾಗ ಕೀಲಿಗಳು ಕೆಲಸ ಮಾಡವು.

ಕಡತದ ಬಗೆ.— ನಮ್ಮನ್ನು ಕೆಡಿಸಿದುದು ಇದೇ. ಎಂಪಿ೪ ಎಂಬ ಬಗೆಯು ಎಲ್ಲ ಕಡೆಯೂ ನಡೆಯುವುದಾದರೂ, ಸಾಮಾನ್ಯ ರೀತಿಯಲ್ಲಿ ಬರೆಯುವಾಗ ಅದರ ಅನುಕ್ರಮಣಿಕೆಯು ರೆಕಾರ್ಡು ನಿಂತಾಗ ಕಟ್ಟಕಡೆಗೆ ಬರೆಯಲ್ಪಡುವುದು. ಅಂಗಡಿಯವನೊಬ್ಬನು ದಿನವಿಡೀ ಚೀಟಿಗಳಲ್ಲಿ ಗುರುತು ಹಾಕಿಟ್ಟು, ರಾತ್ರಿ ಒಂದೇ ಸಲ ಖಾತೆಗೆ ಏರಿಸುವನೆಂದು ಭಾವಿಸಿರಿ. ಖಾತೆಗೇರಿಸುವ ಮೊದಲೇ ದೀಪ ಆರಿದರೆ ಚೀಟಿಗಳ ರಾಶಿ ಉಳಿಯುವುದೇ ಹೊರತು ಯಾವುದು ಯಾರದೆಂದು ತಿಳಿಯುವುದಿಲ್ಲ. ಎಂಕೆವಿ ಎಂಬ ಇನ್ನೊಂದು ಬಗೆಯಾದರೋ ವ್ಯಾಪಾರವಾದಂತೆಲ್ಲ ಅಲ್ಲಲ್ಲಿಯೇ ಬರೆದು ಮುಗಿಸುವ ಕಿರ್ದಿಯಂತೆ. ನಡುವೆ ಕರೆಂಟು ಹೋದರೂ ಅದುವರೆಗಿನದು ಬಹುಮಟ್ಟಿಗೆ ಉಳಿಯುವುದು.

ಆದುದರಿಂದ ಸೆಟ್ಟಿಂಗ್ಸಿನ ಔಟ್‌ಪುಟ್ ಪುಟದಲ್ಲಿ ರೆಕಾರ್ಡಿಂಗ್ ಫಾರ್ಮ್ಯಾಟ್ ಎಂಬಲ್ಲಿ ಎಂಕೆವಿಯನ್ನು ಆರಿಸತಕ್ಕದ್ದು. ೨೦೨೪ರಲ್ಲಿ ಹೊರಬಂದ ೩೦.೨ನೆಯ ಆವೃತ್ತಿಯಲ್ಲಿ ಹೈಬ್ರಿಡ್ ಎಂಪಿ೪ ಎಂಬ ಬಗೆಯನ್ನೂ ಸೇರಿಸಿದರು; ಅದು ನಡುನಡುವೆ ಲೆಕ್ಕವನ್ನು ಮುಗಿಸುತ್ತ ಹೋಗಿ ಕಡೆಗೆ ಸಾಮಾನ್ಯ ಎಂಪಿ೪ರಂತೆಯೇ ಆಗುವುದರಿಂದ ಅದನ್ನೂ ಆರಿಸಬಹುದು. ಎಂಕೆವಿಯಲ್ಲಿ ಹಿಡಿದ ಮೇಲೆ, ನೆಂಟರಿಗೆ ಕಳುಹಿಸಲು ಎಂಪಿ೪ ಬೇಕೆಂದಾದರೆ, ಫೈಲ್ ಎಂಬಲ್ಲಿರುವ ರೀಮಕ್ಸ್ ರೆಕಾರ್ಡಿಂಗ್ಸ್ ಎಂಬುದರಿಂದ ಬದಲಾಯಿಸಿಕೊಳ್ಳಬಹುದು. ಇದು ಒಂದು ಭರಣಿಯ ಉಪ್ಪಿನಕಾಯಿಯನ್ನು ಮತ್ತೊಂದು ಭರಣಿಗೆ ಹಾಕಿದಂತೆ. ಚಿತ್ರವಾಗಲಿ ಧ್ವನಿಯಾಗಲಿ ಕೆಡುವುದಿಲ್ಲ, ಹೊತ್ತೂ ಹೆಚ್ಚು ಹಿಡಿಯುವುದಿಲ್ಲ.

ಸ್ಥಳ ಮತ್ತು ಗಾತ್ರ.— ಅದೇ ಪುಟದಲ್ಲಿ ರೆಕಾರ್ಡಿಂಗ್ ಪಾತ್ ಎಂಬಲ್ಲಿ ಕಡತವು ಸೇರತಕ್ಕ ಫೋಲ್ಡರನ್ನು ತೋರಿಸಬೇಕು. "ಮನೆಯ ರೆಕಾರ್ಡುಗಳು" ಎಂದೋ ಮತ್ತಾವ ಹೆಸರಿನಿಂದಲೋ ಪ್ರತ್ಯೇಕ ಫೋಲ್ಡರೊಂದನ್ನು ಮಾಡಿಕೊಂಡರೆ ಹುಡುಕಾಟ ತಪ್ಪುವುದು. ಅಲ್ಲಿ ಎಷ್ಟು ಸ್ಥಳವಿದೆ ಎಂಬುದನ್ನು ಮೊದಲೇ ನೋಡಿರಿ. ಸೆಕೆಂಡಿಗೆ ೨,೫೦೦ ಕಿಲೋಬಿಟ್ಟಿನ ಲೆಕ್ಕದಲ್ಲಿ ಚಿತ್ರವು ನಿಮಿಷಕ್ಕೆ ಸುಮಾರು ೧೯ ಮೆಗಾಬೈಟನ್ನೂ, ಗಂಟೆಗೆ ೧,೧೨೫ ಮೆಗಾಬೈಟನ್ನೂ ಹಿಡಿಯುವುದು; ಧ್ವನಿಯದು ಬೇರೆ. ಗುಣದ ಸಾಲಿನಲ್ಲಿ ಲಾಸ್‌ಲೆಸ್ ಎಂಬುದನ್ನು ಆರಿಸಿದವರ ಸ್ಥಳವು ನೋಡುನೋಡುತ್ತಿದ್ದಂತೆ ತುಂಬಿಹೋಗುವುದರಿಂದ ಅದರ ಗೊಡವೆಗೆ ಹೋಗಬಾರದು. ರೆಕಾರ್ಡನ್ನು ನೇರವಾಗಿ ಪೆನ್‌ಡ್ರೈವಿಗೆ ಇಳಿಸುವ ಅಭ್ಯಾಸವೂ ಒಳ್ಳೆಯದಲ್ಲ. ಎಫ್‌ಎಟಿ೩೨ ಎಂಬ ಹಳೆಯ ಏರ್ಪಾಡಿನ ಡ್ರೈವುಗಳಲ್ಲಿ ೪ ಗಿಗಾಬೈಟಿನಷ್ಟು ದೊಡ್ಡ ಒಂಟಿ ಕಡತಕ್ಕೆ ಅವಕಾಶವಿಲ್ಲ.

ಅದೇ ಪುಟದ ಗುಣದ ಸಾಲಿನಲ್ಲಿ ಸೇಮ್ ಆ್ಯಸ್ ಸ್ಟ್ರೀಮ್ ಎಂದಿದ್ದರೆ, ರೆಕಾರ್ಡನ್ನು ತಾತ್ಕಾಲಿಕವಾಗಿ ತಡೆಯುವ ಪಾಸ್ ಗುಂಡಿಯು ದೊರೆಯುವುದಿಲ್ಲ. ಹೈ ಕ್ವಾಲಿಟಿ ಎಂಬುದನ್ನು ಆರಿಸಿದರೆ ದೊರೆಯುವುದು. ಹಿರಿಯರು ನೀರು ಕುಡಿದು ಸುಧಾರಿಸಿಕೊಳ್ಳುವ ಹೊತ್ತಿನಲ್ಲಿ ಇದು ಉಪಯುಕ್ತ. ಆದರೆ ಪುನಃ ನಡೆಸಲು ಮರೆಯುವವರಿಗೆ ನಿಲ್ಲಿಸದೆ ಬಿಡುವುದೇ ಕ್ಷೇಮ.

ಹೆಸರು.— ಬೇರೆ ಹೇಳದಿದ್ದರೆ ಓ.ಬಿ.ಎಸ್. ತಾನೇ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಎಂಬ ಕ್ರಮದಲ್ಲಿ ಹೆಸರಿಡುವುದು. ಈ ಕ್ರಮವನ್ನು ಕೆಡಿಸಬಾರದು. ವರ್ಷವು ಮೊದಲಿರುವುದರಿಂದ ಕಡತಗಳು ಕಾಲಾನುಕ್ರಮವಾಗಿ ತಾವೇ ಸಾಲಾಗಿ ನಿಲ್ಲುವುವು. ರೆಕಾರ್ಡು ಮುಗಿದ ಮೇಲೆ ಆ ಹೆಸರಿನ ಹಿಂದೆ "ಅತ್ತೆಯವರ ಹಾಡು" ಎಂಬಂತೆ ಎರಡು ಮಾತು ಸೇರಿಸಿದರೆ ಸಾಕು, ಕನ್ನಡದಲ್ಲಿಯೇ ಬರೆಯಬಹುದು. ಅಡ್ವಾನ್ಸ್‌ಡ್ ಪುಟದಲ್ಲಿ ಓವರ್‌ರೈಟ್ ಇಫ್ ಫೈಲ್ ಎಕ್ಸಿಸ್ಟ್ಸ್ ಎಂಬ ಚೌಕವೊಂದುಂಟು. ಅದಕ್ಕೆ ಗುರುತು ಹಾಕಿದರೆ ಒಂದೇ ಹೆಸರಿನ ಹಳೆಯ ಕಡತದ ಮೇಲೆ ಹೊಸದು ಬರೆಯಲ್ಪಡುವುದು. ಅದನ್ನು ಖಾಲಿಯಾಗಿ ಬಿಡತಕ್ಕದ್ದು.

ಬೇರೆ ಸಾಧನವನ್ನು ತರಲು ಇಷ್ಟವಿಲ್ಲದವರಿಗೆ ಯಂತ್ರದಲ್ಲಿಯೇ ಅನುಕೂಲವುಂಟು. ವಿಂಡೋಸಿನ ಗೇಮ್ ಬಾರ್‌ನಲ್ಲಿ ವಿಂಡೋಸ್ ಕೀಲಿ, ಆಲ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಮುಂದಿರುವ ಕಿಟಕಿಯು ರೆಕಾರ್ಡಾಗತೊಡಗುವುದು. ಕಡತವು ವಿಡಿಯೋಸ್ ಎಂಬುದರೊಳಗಿನ ಕ್ಯಾಪ್ಚರ್ಸ್ ಫೋಲ್ಡರಿಗೆ ಸೇರುವುದು. ಮ್ಯಾಕಿನಲ್ಲಿ ಶಿಫ್ಟ್, ಕಮ್ಯಾಂಡ್, ೫ ಎಂಬುವನ್ನು ಒತ್ತಿದರೆ ರೆಕಾರ್ಡಿನ ಪಟ್ಟಿ ತೋರುವುದು; ಕಡತವು ಎಲ್ಲಿ ಸೇರಬೇಕೆಂಬುದನ್ನು ಅಲ್ಲಿನ ಆಪ್ಷನ್ಸ್ ಎಂಬಲ್ಲಿ ಹೇಳಬಹುದು. ಹೇಳದಿದ್ದರೆ ಅದು ಡೆಸ್ಕ್‌ಟಾಪಿನಲ್ಲಿ ಬಂದು ಕೂರುವುದು.

ಕಡೆಯದಾಗಿ ಎರಡು ಮಾತು. ಎದುರಿಗಿರುವವರಿಗೆ ಹೇಳದೆ, ಅವರ ಒಪ್ಪಿಗೆಯಿಲ್ಲದೆ ಅವರ ಮಾತನ್ನು ಹಿಡಿದಿಡುವುದು ಮರ್ಯಾದಸ್ಥರ ಲಕ್ಷಣವಲ್ಲ. ಇಡೀ ತೆರೆಯನ್ನು ಹಿಡಿದರೆ ನಡುವೆ ಬರುವ ಬ್ಯಾಂಕಿನ ಸಂದೇಶಗಳೂ ಸೇರಿಹೋಗುವುದರಿಂದ, ಬೇಕಾದ ಒಂದು ಕಿಟಕಿಯನ್ನು ಮಾತ್ರ ಹಿಡಿಯುವ ವಿಂಡೋ ಕ್ಯಾಪ್ಚರ್ ಎಂಬುದೇ ಮೇಲು.

ವಾಚಕರು ಮುಖ್ಯವಾದ ದಿನಕ್ಕೆ ಮುಂಚೆ ಒಂದು ನಿಮಿಷದ ಪರೀಕ್ಷೆಯನ್ನು ಮಾಡಿಯೇ ತೀರಬೇಕು: ಕೀಲಿಯಿಂದ ಆರಂಭಿಸಿ, ಎರಡೂ ಕಡೆಯವರು ನಾಲ್ಕು ಮಾತನಾಡಿ, ಕೀಲಿಯಿಂದ ನಿಲ್ಲಿಸಿ, ಫೋಲ್ಡರಿನಲ್ಲಿ ಕಡತವನ್ನು ಹುಡುಕಿ, ತೆರೆದು, ಎರಡು ಧ್ವನಿಗಳೂ ಕೇಳುವುವೇ ಎಂದು ನೋಡಬೇಕು. ಕೀಲಿಗಳನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಪಕ್ಕದಲ್ಲಿ ಅಂಟಿಸಿದರೆ ಮನೆಯ ಎಲ್ಲರಿಗೂ ಉಪಯೋಗ. ರೆಕಾರ್ಡು ನಿಂತ ಕೂಡಲೆ ಯಂತ್ರವನ್ನು ಆರಿಸದೆ, ಕಡತವನ್ನು ತೆರೆದು ನೋಡಿ, ಅದೇ ದಿನ ಇನ್ನೊಂದು ಡ್ರೈವಿನಲ್ಲಿ ಪ್ರತಿಯಿಡಬೇಕು. ಇಷ್ಟಕ್ಕೆಲ್ಲ ಅರ್ಧ ಗಂಟೆ ಸಾಕು.

ಅತ್ತೆಯವರ ಹನ್ನೊಂದು ಹಾಡುಗಳು ಈಗ ಮೂರು ಕಡೆ ಇವೆ. ನಮ್ಮ ಮಗಳು ಏಳನ್ನು ಕಲಿತಿರುವಳು. ಹಾಡಬಲ್ಲ, ಕಥೆ ಹೇಳಬಲ್ಲ, ಊರಿನ ಹಳೆಯ ಸಂಗತಿಗಳನ್ನು ನೆನೆಯಬಲ್ಲ ಹಿರಿಯರು ಯಾರ ಮನೆಯಲ್ಲಿರುವರೋ ಅವರು ಈ ಅರ್ಧ ಗಂಟೆಯನ್ನು ಮುಂದಿನ ತಿಂಗಳಿಗೆ ಹಾಕದೆ ಈ ವಾರವೇ ಮಾಡಿಕೊಳ್ಳಬೇಕೆಂದು ಕೋರುವೆವು.