ಕದ ಮುಚ್ಚಿದ ಮೇಲೂ ತಟ್ಟುವ ಹಕ್ಕು

'ಸುಪ್ರೀಂ ಕೋರ್ಟೇ ಹೇಳಿದ ಮೇಲೆ ಇನ್ನೇನಿದೆ ಸ್ವಾಮಿ?' ಮಾಂಬಳ್ಳಿಯ ಟೀ ಅಂಗಡಿಯಲ್ಲಾಗಲಿ, ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಾಗಲಿ, ಶಿಕ್ಷೆಯಾದವರ ಮಾತು ಬಂದರೆ ಜನ ಹೀಗೆ ಕೈಚೆಲ್ಲುತ್ತಾರೆ. ಇನ್ನೂ ಇದೆ ಅಂತ ತೋರಿಸಿಕೊಟ್ಟಿದ್ದು ಈ ಸೀಮೆಯದೇ ಒಂದು ಮೊಕದ್ದಮೆ.

1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದಾಚೆ ಪಾಲಾರ್ ಬಳಿ ವೀರಪ್ಪನ್ ತಂಡ ಹೂತಿಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದರು. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ನಾಲ್ವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಟಾಡಾದಲ್ಲಿ ಹೈಕೋರ್ಟಿನ ಮೆಟ್ಟಿಲೇ ಇಲ್ಲ; ಅಪೀಲು ನೇರ ದೆಹಲಿಗೆ. ಶಿಕ್ಷೆ ಇಳಿಯಲಿ ಅಂತ ಹೋದವರಿಗೆ 2004ರ ಜನವರಿಯಲ್ಲಿ ಸಿಕ್ಕಿದ್ದು ಗಲ್ಲು! ಸುಪ್ರೀಂ ಕೋರ್ಟ್ ತಾನಾಗಿಯೇ ಶಿಕ್ಷೆ ಏರಿಸಿತ್ತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆಯಿತು. 2013ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಅದನ್ನೂ ತಳ್ಳಿಹಾಕಿದರು.

ಅಲ್ಲಿಗೆ ಮುಗಿಯಿತೇ? ಇಲ್ಲ. ನಾಲ್ವರ ಪರ ಮತ್ತೆ ರಿಟ್ ಅರ್ಜಿ ಹೋಯಿತು, ಗಲ್ಲಿಗೆ ತಡೆ ಬಂತು. 2014ರ ಜನವರಿ 21ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠ ಈ ನಾಲ್ವರೂ ಸೇರಿ 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಕಾರಣವಿಲ್ಲದೆ ವರ್ಷಗಟ್ಟಲೆ ಸಾವಿನ ನೆರಳಲ್ಲಿ ಕೂರಿಸುವುದು ಸಂವಿಧಾನಕ್ಕೆ ಒಪ್ಪದು, ಟಾಡಾ ಕೈದಿಯಾದರೂ ಅಷ್ಟೇ ಎಂದಿತು. ಅರ್ಜಿ ತಿರಸ್ಕಾರವಾದ ಮೇಲೂ ಕೈದಿಗೆ ಕಾನೂನು ನೆರವು ಸಿಗಬೇಕು, ತಿಳಿಸಿದ 14 ದಿನದೊಳಗೆ ನೇಣು ಕೂಡದು ಎಂದೂ ವಿಧಿಸಿತು.

ಸತ್ತ 22 ಮಂದಿಯ ಮನೆಯವರ ಗೋಳು ಕೇಳುವವರು ಯಾರು ಅಂತೀರಾ? ಕೇಳಬೇಕಾದ ಮಾತೇ. ಆದರೆ ನಾಲ್ವರ ತಪ್ಪನ್ನು ಯಾರೂ ಮನ್ನಾ ಮಾಡಲಿಲ್ಲ, ಶಿಕ್ಷೆ ಇಳಿಸಿದರು, ಅಷ್ಟೇ. ಒಂಬತ್ತು ವರ್ಷ ಕಡತಕ್ಕೆ ಧೂಳು ಹಿಡಿಸಿದವರಿಂದ ಆ ಮನೆಗಳಿಗೂ ನೆಮ್ಮದಿ ಸಿಗಲಿಲ್ಲ.

ಪಾಲಾರ್ ದೊಡ್ಡ ಕೇಸು, ವಕೀಲರು ಓಡಿಬಂದರು. ಜಮೀನಿನ ಜಗಳಕ್ಕೆ ಜೈಲು ಸೇರಿದ ಯಳಂದೂರು ತಾಲ್ಲೂಕಿನ ಕೂಲಿಯವನ ಗತಿ? ಸೆಷನ್ಸ್ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 60 ದಿನ ಅವಕಾಶವಿದೆ. ತೀರ್ಪಿನ ನಕಲು ಪುಕ್ಕಟೆ ಕೊಡಬೇಕು. ಜೈಲಿನ ಅಧಿಕಾರಿ ಕೈಗೆ ಅರ್ಜಿ ಕೊಟ್ಟರೂ ಅಪೀಲೇ. ದಿನ ಮೀರಿದರೆ ತಕ್ಕ ಕಾರಣ ತೋರಿಸಿ ತಡ ಮನ್ನಿಸಿ ಎಂದು ಕೇಳಬಹುದು. 1987ರ ಕಾನೂನು ಸೇವೆಗಳ ಕಾಯ್ದೆ ಬಂಧನದಲ್ಲಿರುವವನ ಆದಾಯ ನೋಡದೆ ವಕೀಲರನ್ನು ಕೊಡು ಎನ್ನುತ್ತದೆ. ಇದನ್ನು ಆತನ ಹೆಂಡತಿಗೆ ಹೇಳಿದವರು ಯಾರು? ಆಕೆ ಇದ್ದ ಎರಡು ಕುರಿ ಮಾರಿ ದಲ್ಲಾಳಿ ಕೈಗೆ ದುಡ್ಡು ಸುರಿಯಬೇಕೇ?

ತಾಲ್ಲೂಕು ಕಾನೂನು ಸೇವಾ ಸಮಿತಿಯವರು ಕಟ್ಟಡದಿಂದ ಹೊರಗೆ ಬರಲಿ. ತಿಂಗಳಿಗೊಂದು ದಿನ ಅಗರ, ಮಾಂಬಳ್ಳಿಯಂಥ ಊರುಗಳ ಪಂಚಾಯ್ತಿ ಜಗಲಿಯಲ್ಲಿ ಕೂತು, ಕೈದಿಗಳ ಮನೆಯವರ ಕಾಗದ ನೋಡಲಿ. ಗಡುವಿನ ದಿನ ಕನ್ನಡದಲ್ಲಿ ಬರೆದುಕೊಡಲಿ. ಇದಕ್ಕೆ ಹೊಸ ಕಾನೂನು ಬೇಡ, ಕೋಟಿ ರೂಪಾಯಿ ಬೇಡ. ಒಂದು ಮೇಜು, ಒಬ್ಬ ವಕೀಲ, ಒಂದಿಷ್ಟು ಮನಸ್ಸು ಸಾಕು.