ಕಡಲಿನ ಜಾಡು ಯಾರ ಕೈಗೆ? ಮೀನುಗಾರಿಕಾ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಮೀನುಗಾರಿಕಾ ಸಚಿವರಿಗೆ,

ದೋಣಿ ಇರುವ ಜಾಗವನ್ನು ಉಪಗ್ರಹದ ಮೂಲಕ ದಡಕ್ಕೆ ತಿಳಿಸುವ ಹಾಗೂ ಎರಡೂ ಕಡೆಯಿಂದ ಸಂದೇಶ ಸಾಗಿಸುವ ಟ್ರಾನ್ಸ್‌ಪಾಂಡರ್ ಎಂಬ ಸಾಧನವನ್ನು ದೇಶದ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅಳವಡಿಸುವ 364 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಚಾಲನೆ ನೀಡಿತು. ಅದರ ಅಗತ್ಯವನ್ನು ಮಲ್ಪೆ ಬಂದರಿಗೆ ಯಾರೂ ವಿವರಿಸಬೇಕಾಗಿಲ್ಲ. 2018ರ ಡಿಸೆಂಬರ್‌ನಲ್ಲಿ ಏಳು ಮಂದಿಯೊಂದಿಗೆ ಅಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಬಳಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆದರೆ ಜೀವರಕ್ಷಣೆಗೆಂದು ಬಂದ ಈ ಸಾಧನದಿಂದ ಮೀನಿನ ಸಂತತಿ ಉಳಿಸುವ ಕೆಲಸವನ್ನೂ ಮಾಡಿಸಬಹುದೆಂಬುದು ಇಲ್ಲಿನ ವಾದ.

ಟ್ರಾಲ್ ಬೋಟು ಬಲೆ ಎಳೆಯುವಾಗ ಸುಮಾರು ಮೂರು ನಾಟ್, ಅಂದರೆ ಗಂಟೆಗೆ ಐದೂವರೆ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಬಲೆ ಮೇಲಿಟ್ಟುಕೊಂಡು ಓಡುವಾಗ ವೇಗ ಅದರ ಇಮ್ಮಡಿಯನ್ನೂ ಮೀರುವುದರಿಂದ, ಬೋಟಿನ ಜಾಡನ್ನು ನೋಡಿಯೇ ಎಲ್ಲಿ ಎಷ್ಟು ಹೊತ್ತು ಬಲೆ ಎಳೆಯಲಾಯಿತೆಂದು ಅಂದಾಜಿಸಬಹುದು. ಈ ಲೆಕ್ಕವನ್ನು ಬಂದರಿನ ಧಕ್ಕೆಯಲ್ಲಿ ಹರಾಜಾದ ಮೀನಿನ ಜಾತಿ, ಗಾತ್ರ, ತೂಕಗಳೊಂದಿಗೆ ಜೋಡಿಸಿದರೆ, ಒಂದೇ ಜಾಗದಲ್ಲಿ ದುಡಿಮೆಯ ಗಂಟೆ ಹೆಚ್ಚುತ್ತ ಮೀನು ಇಳಿಯುತ್ತಿದೆಯೇ, ಮರಿಮೀನು ಯಾವ ಆಳದಿಂದ ಬರುತ್ತಿದೆ ಎಂಬುದು ತಿಳಿಯುತ್ತದೆ. ಕರ್ನಾಟಕದ ಕರಾವಳಿಯುದ್ದಕ್ಕೂ ಜೂನ್ 1ರಿಂದ ಜುಲೈ 31ರವರೆಗೆ ಜಾರಿಯಲ್ಲಿರುವ 61 ದಿನಗಳ ಮೀನುಗಾರಿಕೆ ನಿಷೇಧ ಎಲ್ಲ ಜಾಗಕ್ಕೂ ಒಂದೇ. ಮರಿಗಳು ಸೇರುವ ತಾಣವನ್ನಷ್ಟೇ ಕೆಲವು ವಾರ ಮುಚ್ಚುವ ಸೂಕ್ಷ್ಮತೆ ಅದಕ್ಕೆ ಸಾಧ್ಯವಿಲ್ಲ. ಅದನ್ನು ಸಾಧ್ಯವಾಗಿಸುವ ಈ ಲೆಕ್ಕಕ್ಕೆ ಬೋಟಿನ ಸ್ಥಾನದ ಮಾಹಿತಿ ಎಷ್ಟು ನಿಮಿಷಕ್ಕೊಮ್ಮೆ ಬರಬೇಕೆಂಬುದು ಚಿಕ್ಕ ವಿಷಯವೆನಿಸಿದರೂ, ಅಂತರ ಹೆಚ್ಚಾದರೆ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟು ಬಲೆ ಬೀಸಿ ಎತ್ತಿದ್ದೇ ದಾಖಲೆಗೆ ಸಿಗದೆ ಹೋಗಬಹುದು.

ತೊಡಕು ಇರುವುದು ಯಂತ್ರದಲ್ಲಲ್ಲ. ಬೋಟು ನಡೆಸುವ ತಾಂಡೇಲನಿಗೆ ಮೀನು ಸಿಗುವ ಜಾಗವೇ ಬಂಡವಾಳವಾಗಿರುವಾಗ, ಆ ಗುಟ್ಟು ಪಕ್ಕದ ಬೋಟಿಗೆ ಸೋರಬಹುದೆಂದೋ, ಸಾಧನ ಕೆಟ್ಟ ದಿನವೇ ಕರರಹಿತ ಡೀಸೆಲ್ ನಿಲ್ಲಬಹುದೆಂದೋ ಅನುಮಾನ ಬಂದರೆ ಆತ ಅದನ್ನು ಆರಿಸಿಬಿಡುವುದು ಸಹಜ. ಅದನ್ನು ಹಠಮಾರಿತನವೆನ್ನುವುದು ಅನ್ಯಾಯ. ಹಾಗಾಗಿ ಒಂದೊಂದು ಬೋಟಿನ ಜಾಡು ರಕ್ಷಣಾ ಕಾರ್ಯಕ್ಕೂ ಕಾನೂನು ಉಲ್ಲಂಘನೆಯ ತನಿಖೆಗೂ ಮಾತ್ರ ಬಳಕೆಯಾಗಬೇಕು, ಸಂಶೋಧಕರಿಗೆ ಹೆಸರಿಲ್ಲದ ಒಟ್ಟು ಅಂಕಿ ಮಾತ್ರ ಸಿಗಬೇಕು, ಮಾಲೀಕನಿಗೆ ತನ್ನ ದಾಖಲೆ ಮರಳಿ ದೊರೆಯಬೇಕು ಎಂಬ ನಿಯಮ ಮೊದಲು ಬರಬೇಕಾಗಿದೆ. ಸಂಜೆಗೆ ದಡ ಸೇರುವ ನಾಡದೋಣಿಗೆ ಅಪಾಯದ ಕರೆಯ ಗುಂಡಿಯಿದ್ದರೆ ಸದ್ಯಕ್ಕೆ ಸಾಕು.

ರಾಜ್ಯದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಅಧಿಕಾರ 12 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 22 ಕಿಲೋಮೀಟರಿಗೆ ಮುಗಿಯುತ್ತದೆ. ಆಳಸಮುದ್ರ ಬೋಟುಗಳು ಅದರಾಚೆ ಗೋವಾ, ಮಹಾರಾಷ್ಟ್ರದ ಕಡೆಗೂ ಸಾಗುವುದರಿಂದ, ಮಾಹಿತಿಯ ಹಂಚಿಕೆಯ ಬಗ್ಗೆ ಕೇಂದ್ರದೊಂದಿಗೂ ನೆರೆರಾಜ್ಯಗಳೊಂದಿಗೂ ಲಿಖಿತ ಒಪ್ಪಂದ ಅಗತ್ಯ. ಈ ನಿಯಮಗಳ ಕರಡನ್ನು ಕನ್ನಡದಲ್ಲಿ ಪ್ರಕಟಿಸಿ, ಬೋಟುಗಳು ದಡದಲ್ಲಿರುವ ಜೂನ್-ಜುಲೈ ತಿಂಗಳಲ್ಲೇ ಮಂಗಳೂರು, ಮಲ್ಪೆ, ಕಾರವಾರಗಳಲ್ಲಿ ತಾಂಡೇಲರನ್ನು ಕೂಡಿಸಿ ಚರ್ಚಿಸಬೇಕೆಂದು ಕೋರಲಾಗಿದೆ.