ಐವತ್ತು ಸಾವಿರದಲ್ಲಿ ನಮ್ಮ ಮಕ್ಕಳು ಎಷ್ಟು?

ಮಾನ್ಯ ಸಂಪಾದಕರೇ,

ರಾಜ್ಯದ ಬಾಹ್ಯಾಕಾಶ ತಂತ್ರಜ್ಞಾನ ನೀತಿಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಮತ್ತೆ ವರದಿ ಬಂದಿದೆ. 2024ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ಅದರ ಕರಡು ಹೊರಬಿದ್ದಾಗಿನಿಂದ ಕೇಳಿಬರುತ್ತಿರುವುದು ಅವೇ ಮಾತುಗಳು. ದೇಶದ ಬಾಹ್ಯಾಕಾಶ ಮಾರುಕಟ್ಟೆಯಲ್ಲಿ ಅರ್ಧ ಪಾಲು ಕರ್ನಾಟಕದ್ದಾಗಬೇಕು, 50,000 ವಿದ್ಯಾರ್ಥಿಗಳು ಮತ್ತು ಯುವಜನರಿಗೆ ತರಬೇತಿ ಸಿಗಬೇಕು. ಗುರಿ ದೊಡ್ಡದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ 50,000 ಜನರಲ್ಲಿ ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ ಜಿಲ್ಲೆಗಳ ಮಕ್ಕಳು ಎಷ್ಟು? ಅವರಿಗೆ ಎಲ್ಲಿ ಕಲಿಸಲಾಗುತ್ತದೆ, ಯಾರು ಕಲಿಸುತ್ತಾರೆ, ಯಾವ ಭಾಷೆಯಲ್ಲಿ? ಇಡೀ ರಾಜ್ಯದ ಹೆಸರಿನಲ್ಲಿ ನೀತಿ ಮಾಡಿದವರು ಈ ಲೆಕ್ಕವನ್ನು ಜಿಲ್ಲಾವಾರು ಜನರ ಮುಂದಿಡಬೇಕು.

ಬಾಹ್ಯಾಕಾಶ ವಿಜ್ಞಾನ ಉತ್ತರ ಕರ್ನಾಟಕಕ್ಕೆ ಹೊಸ ವಿಷಯವೇನೂ ಅಲ್ಲ. ಉಪಗ್ರಹದ ಮೂಲಕ ಹಳ್ಳಿಗಳಿಗೆ ನೇರವಾಗಿ ದೂರದರ್ಶನ ತಲುಪಿಸುವ ‘ಸೈಟ್’ ಪ್ರಯೋಗ 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳುಹಿಸಲಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ನಮ್ಮ ಕಡೆಯ ಊರುಗಳ ಮಕ್ಕಳು ಕನ್ನಡದಲ್ಲಿ ಪಾಠ ನೋಡಿದರು, ರೈತರು ಬೇಸಾಯದ ಮಾತು ಕೇಳಿದರು. ಅದೇ ಪ್ರಯೋಗದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿಯೂ ಉಪಗ್ರಹದ ಮೂಲಕವೇ ಆಯಿತು. ತೀರಾ ಹಿಂದುಳಿದ ಜಿಲ್ಲೆಗೇ ಮೊದಲು ಹೋಗಬೇಕು ಎಂಬ ನಿರ್ಧಾರವನ್ನು ಆ ತಲೆಮಾರಿನ ವಿಜ್ಞಾನಿಗಳು ತಿಳಿದೇ ಮಾಡಿದ್ದರು. ಅವರಿಗಿದ್ದ ಹಣ ಎಷ್ಟು, ಸೌಲಭ್ಯ ಎಷ್ಟು? ಇವತ್ತು ಎರಡೂ ಇವೆ. ಆದರೂ ಜಿಲ್ಲೆಗಳ ಸರದಿ ಕೊನೆಗೆ ಬರುತ್ತದೆ.

ಇದು ಬರಿಯ ಕೊರಗಲ್ಲ, ಉದಾಹರಣೆಗಳಿವೆ. ಬಾಹ್ಯಾಕಾಶ ಸಂಶೋಧನೆಯನ್ನು ದೇಶದ ಎಲ್ಲ ಭಾಗಕ್ಕೂ ಒಯ್ಯಲೆಂದೇ ಇಸ್ರೊ ಪ್ರಾದೇಶಿಕ ಶೈಕ್ಷಣಿಕ ಕೇಂದ್ರಗಳನ್ನು ತೆರೆಯಿತು. ದಕ್ಷಿಣಕ್ಕೆ ಸಿಕ್ಕಿದ್ದು ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಒಂದು. ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಜತೆಗೆ ಪುದುಚೇರಿ ಮತ್ತು ಲಕ್ಷದ್ವೀಪ, ಇಷ್ಟಕ್ಕೂ ಅದೇ ಕೇಂದ್ರ. ಐದು ರಾಜ್ಯಗಳಿಗೆ ಒಂದನ್ನು ಕೊಟ್ಟು ಅದನ್ನು ಪ್ರಾದೇಶಿಕ ಎಂದು ಕರೆದರೆ ಆ ಪದಕ್ಕೆ ಅರ್ಥ ಉಳಿಯುವುದಿಲ್ಲ. ಶಾಲಾ ಮಕ್ಕಳಿಗಾಗಿ ಇಸ್ರೊ 2019ರಲ್ಲಿ ‘ಯುವಿಕಾ’ ಆರಂಭಿಸಿದಾಗ ಪ್ರತಿ ರಾಜ್ಯದಿಂದ ಆರಿಸಿದ್ದು ಮೂವರನ್ನು. ಆಗ ನಮ್ಮ ರಾಜ್ಯದಲ್ಲಿದ್ದ ಜಿಲ್ಲೆಗಳು 30. ಆಮೇಲೆ ಸಂಖ್ಯೆ ಹೆಚ್ಚಿಸಿದರು, ಒಳ್ಳೆಯದೇ. ಆದರೆ ವರ್ಷಕ್ಕೆ ಬೆರಳೆಣಿಕೆಯ ಮಕ್ಕಳನ್ನು ಹೆಕ್ಕಿಕೊಂಡು ಹೋಗುವುದು ಆಯ್ಕೆಯಾಯಿತೇ ಹೊರತು ಶಿಕ್ಷಣವಾಗಲಿಲ್ಲ. 2022ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನ ವಿದ್ಯಾರ್ಥಿ ಉಪಗ್ರಹ ಯೋಜನೆ ಪ್ರಕಟಿಸಿತು. ಅದರಲ್ಲಿ ಕೈಜೋಡಿಸಲು ಆಯ್ಕೆಯಾದವರು ಬೆಂಗಳೂರಿನ ಸರ್ಕಾರಿ ಶಾಲೆಗಳ ಮಕ್ಕಳು. ಆ ಮಕ್ಕಳಿಗೆ ಸಿಕ್ಕಿದ್ದರ ಬಗ್ಗೆ ಸಂತೋಷವೇ. ಕುಂದಗೋಳ, ಕಲಘಟಗಿ, ನವಲಗುಂದದ ಸರ್ಕಾರಿ ಶಾಲೆಗಳೂ ಅದೇ ಸರ್ಕಾರದವು ಎಂಬುದು ನೆನಪಿರಬೇಕಿತ್ತು.

ಇಷ್ಟೊಂದು ಸೂಕ್ಷ್ಮ ಕೆಲಸ ಒಂದೇ ಕಡೆ ಇದ್ದರೆ ಚೆನ್ನ, ಚದುರಿಸಿದರೆ ಕೆಡುತ್ತದೆ ಎನ್ನುವವರಿದ್ದಾರೆ. ಇಸ್ರೊ ಬೆಳೆದ ಬಗೆಯೇ ಅವರಿಗೆ ಉತ್ತರ. 1963ರ ನವೆಂಬರ್ 21ರಂದು ದೇಶದ ಮೊದಲ ರಾಕೆಟ್ ಹಾರಿದ್ದು ತುಂಬಾ ಎಂಬ ಮೀನುಗಾರರ ಊರಿನಿಂದ. ಭೂಮಿಯ ಕಾಂತೀಯ ಸಮಭಾಜಕ ಆ ಊರಿನ ಹತ್ತಿರ ಹಾದುಹೋಗುತ್ತದೆ ಎಂಬುದೇ ಅದನ್ನು ಆರಿಸಲು ಕಾರಣ. 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಆರ್ಯಭಟ ರೂಪುಗೊಂಡದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಆ ತಂಡ ಕಟ್ಟಿದ ಯು.ಆರ್. ರಾವ್ ಉಡುಪಿ ಬಳಿಯ ಅದಮಾರಿನವರು. ಸಂಪರ್ಕ ಉಪಗ್ರಹಗಳ ನಿಯಂತ್ರಣ 1982ರಿಂದ ಹಾಸನದಲ್ಲಿದೆ. ಚಂದ್ರಯಾನದ ಸಂಕೇತ ಹಿಡಿಯುವ 32 ಮೀಟರ್ ಅಗಲದ ಆಂಟೆನಾವನ್ನು ಬ್ಯಾಲಾಳುವಿನಲ್ಲಿ ನಿಲ್ಲಿಸಿದ್ದು ನಗರದ ರೇಡಿಯೊ ಗದ್ದಲದಿಂದ ದೂರವಿರಲೆಂದು. ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು 2023ರ ಏಪ್ರಿಲ್‌ನಲ್ಲಿ ಇಳಿಸಿ ನೋಡಿದ್ದು ಚಿತ್ರದುರ್ಗದ ಬಯಲಿನಲ್ಲಿ. ಕೆಲಸಕ್ಕೆ ತಕ್ಕ ಜಾಗ ಹುಡುಕುತ್ತ ಹೋದ ಸಂಸ್ಥೆಯದು. ಅದರ ಹೆಸರಿನಲ್ಲಿ ಎಲ್ಲವನ್ನೂ ಒಂದೇ ನಗರದಲ್ಲಿ ಗುಡ್ಡೆ ಹಾಕುವುದು ಅದರ ಇತಿಹಾಸಕ್ಕೇ ಮಾಡುವ ಅನ್ಯಾಯ. ಇನ್ನು ತಕ್ಕ ಜಾಗದ ಮಾತಾದರೆ, ಇಲ್ಲಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಚಿಗರಿ ಬಸ್ ಹತ್ತಿ 20 ಕಿ.ಮೀ. ದೂರದ ಧಾರವಾಡಕ್ಕೆ ಹೊರಟರೆ ದಾರಿಯ ಆಸುಪಾಸಿನಲ್ಲಿ ಏನೇನಿದೆ ಎಂದು ಎಣಿಸಿ. 1947ರಲ್ಲಿ ಹುಟ್ಟಿ ಈಗ ವಿಶ್ವವಿದ್ಯಾಲಯವಾಗಿರುವ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು, ಗಣಿತಜ್ಞ ಡಿ.ಸಿ. ಪಾವಟೆಯವರು ಕುಲಪತಿಯಾಗಿ ಬೆಳೆಸಿದ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ನೀರಾವರಿಗೆಂದೇ ಇರುವ ವಾಲ್ಮಿ, ಐಐಐಟಿ, 2016ರಲ್ಲಿ ಆರಂಭವಾದ ಐಐಟಿ. ಒಂದು ಅವಳಿ ನಗರದ ಸುತ್ತ ಇಷ್ಟು ಸಂಸ್ಥೆಗಳಿರುವಾಗ ತಜ್ಞರಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅವುಗಳನ್ನು ಒಂದು ಕೆಲಸಕ್ಕೆ ಕೂಡಿಸುವ ಕೇಂದ್ರ ಮಾತ್ರ ಬೇಕಾಗಿದೆ.

ಹುಬ್ಬಳ್ಳಿಗೆ ಮೊದಲು ನೀರು ಕೊಡಿ, ಚಂದ್ರನ ಮಾತು ಆಮೇಲೆ ಎಂಬ ಇನ್ನೊಂದು ಆಕ್ಷೇಪ ಇಲ್ಲಿಯ ಜನರಿಂದಲೇ ಬರುತ್ತದೆ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವವರ ಸಿಟ್ಟು ನ್ಯಾಯವಾದದ್ದು. ಆದರೆ ನಾವು ಕುಡಿಯುವ ನೀರು ಬರುವುದು ಮಲಪ್ರಭೆಯ ರೇಣುಕಾ ಸಾಗರದಿಂದ. ಅದರಲ್ಲಿ ಎಷ್ಟು ಹೂಳು ತುಂಬಿದೆ ಎಂದು ತಿಳಿಯಲು ಉಪಗ್ರಹ ಚಿತ್ರಗಳೇ ಸಾಧನ. ಜಲಾಶಯ ಬೇರೆ ಬೇರೆ ಮಟ್ಟದಲ್ಲಿದ್ದಾಗ ನೀರು ಎಷ್ಟು ಜಾಗಕ್ಕೆ ಹರಡಿದೆ ಎಂದು ಚಿತ್ರಗಳಲ್ಲಿ ಅಳೆದು, ಹಳೆಯ ಅಳತೆಯ ಜೊತೆ ಹೋಲಿಸಿದರೆ ಕಳೆದುಹೋದ ಸಾಮರ್ಥ್ಯ ಗೊತ್ತಾಗುತ್ತದೆ. ಬೆಣ್ಣಿಹಳ್ಳ ಉಕ್ಕಿ ನವಲಗುಂದದ ಎರೆ ಹೊಲಗಳನ್ನು ಮುಳುಗಿಸಿದಾಗ ಎಷ್ಟು ಎಕರೆ ಹೆಸರು, ಗೋವಿನಜೋಳ ಹಾಳಾಯಿತು ಎಂಬ ಲೆಕ್ಕಕ್ಕೂ ಅದೇ ದಾರಿ. ಮೋಡದ ಮರೆಯಲ್ಲೂ ನೆಲ ನೋಡಬಲ್ಲ ರೇಡಾರ್ ಉಪಗ್ರಹಗಳು ನಮ್ಮಲ್ಲಿವೆ. ಆ ಚಿತ್ರಗಳನ್ನು ಓದಬಲ್ಲ ಹುಡುಗ ಹುಡುಗಿಯರು ಇದೇ ತಾಲ್ಲೂಕುಗಳಿಂದ ಬಂದರೆ ಅವರಿಗೆ ಹೊಲವೂ ಗೊತ್ತು, ಹಳ್ಳವೂ ಗೊತ್ತು. ನೀರು ಬೇಕೆನ್ನುವವರೇ ಈ ಕೇಂದ್ರವನ್ನು ಮೊದಲು ಕೇಳಬೇಕು.

ಇದರ ಜೊತೆಗೆ ಇನ್ನೊಂದು ನೋವನ್ನೂ ಹೇಳಲೇಬೇಕು. ವಿದ್ಯಾಕಾಶಿ ಎನಿಸಿಕೊಂಡ ಈ ಅವಳಿ ನಗರದಲ್ಲಿ ವಿಜ್ಞಾನವೆಂದರೆ ಸಿಇಟಿ, ನೀಟ್ ರ‍್ಯಾಂಕ್ ಎಂದಾಗಿಬಿಟ್ಟಿದೆ. ವಿದ್ಯಾನಗರದ ಗೋಡೆಗೋಡೆಯ ಮೇಲೆ ರ‍್ಯಾಂಕ್ ಬಂದವರ ಫೋಟೊಗಳಿವೆ. ಆಕಾಶ ನೋಡಲು ಒಂದು ದೂರದರ್ಶಕ ಎಲ್ಲಿದೆ ಎಂದು ಮಗು ಕೇಳಿದರೆ ಕೈತೋರಿಸಿ ಹೇಳಬಲ್ಲವರು ಎಷ್ಟು ಜನ? 1980ರ ಫೆಬ್ರುವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾ ಕಡೆಯಿಂದ ಬಂದು ಹುಬ್ಬಳ್ಳಿಯ ಮೇಲೆಯೇ ರಾಯಚೂರಿನತ್ತ ಸಾಗಿತು. ಅದಾಗಿ ಸುಮಾರು ನಾಲ್ಕು ದಶಕದ ಮೇಲೆ, 2019ರ ಡಿಸೆಂಬರ್ 26ರ ಗ್ರಹಣದ ದಿನ, ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ವಾಸಿಯಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಆ ತಾಯಿ ತಂದೆಯರನ್ನು ದೂರಲು ನನಗೆ ಮನಸ್ಸಿಲ್ಲ. ಗ್ರಹಣವೆಂದರೆ ಏನೆಂದು ಅವರ ಮನೆಬಾಗಿಲಿಗೆ ಹೋಗಿ ಕನ್ನಡದಲ್ಲಿ ಹೇಳಬೇಕಾದವರು ಹೋಗಲಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ ಹೊರತಂದು, ಅಗಸ್ತ್ಯ ಪ್ರತಿಷ್ಠಾನ ಸಂಚಾರಿ ಪ್ರಯೋಗಾಲಯ ಕಳುಹಿಸಿ ಕೈಲಾದಷ್ಟು ಮಾಡುತ್ತಿವೆ. ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರವೂ ಇದೆ. ಆದರೆ ಅದು ಮಕ್ಕಳು ಬಂದು ನೋಡಿ ಹೋಗುವ ಜಾಗ. ಸಂಶೋಧಕನೊಬ್ಬ ವರ್ಷವಿಡೀ ಕೂತು ದುಡಿಯುವ, ಪಕ್ಕದಲ್ಲಿ ಒಂಬತ್ತನೇ ತರಗತಿಯ ಹುಡುಗಿ ನಿಂತು ಪ್ರಶ್ನೆ ಕೇಳುವ ಜಾಗ ಬೇರೆ. ಪ್ರತಿಭೆಯಿದ್ದರೆ ಬೆಂಗಳೂರಿಗೆ ಹೋಗಲಿ ಎನ್ನುವವರು 400 ಕಿ.ಮೀ. ಆಚೆ ಮಗಳನ್ನು ಕಳುಹಿಸಲು ಒಪ್ಪದ, ಕಳುಹಿಸುವ ಶಕ್ತಿಯೂ ಇಲ್ಲದ ಮನೆಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಆದ್ದರಿಂದ ನಮ್ಮ ಶಾಸಕರು ಮತ್ತು ಸಂಸದರು ಒಂದು ಸ್ಪಷ್ಟ ಬೇಡಿಕೆಯನ್ನು ಸರ್ಕಾರದ ಮುಂದೆ ಇಡಲಿ. ಸುರತ್ಕಲ್ ಕೇಂದ್ರದ ಒಂದು ಶಾಖೆ ಹುಬ್ಬಳ್ಳಿ-ಧಾರವಾಡದಲ್ಲಿ ತೆರೆಯಬೇಕು. ಅದರಲ್ಲಿ ವಿದ್ಯಾರ್ಥಿಗಳೇ ಉಪಗ್ರಹಗಳ ಸಂಕೇತ ಹಿಡಿಯುವ ಸಣ್ಣ ಭೂಕೇಂದ್ರವಿರಬೇಕು, ಮಲಪ್ರಭಾ ಕಣಿವೆಯ ಚಿತ್ರಗಳನ್ನು ಓದುವ ವಿಭಾಗವಿರಬೇಕು, ತಾಲ್ಲೂಕು ಶಾಲೆಗಳ ವಿಜ್ಞಾನ ಶಿಕ್ಷಕರಿಗೆ ಕನ್ನಡದಲ್ಲೇ ತರಬೇತಿ ಸಿಗಬೇಕು. 50,000ದ ಜಿಲ್ಲಾವಾರು ಪಟ್ಟಿಯನ್ನು ಸರ್ಕಾರ ಪ್ರಕಟಿಸಲಿ. ಪ್ರಕಟಿಸಿದ ದಿನ ಅದನ್ನು ನಿಮ್ಮ ಪತ್ರಿಕೆಯ ಮೊದಲ ಪುಟದಲ್ಲಿ ಹಾಕಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗ
ವಿದ್ಯಾನಗರ, ಹುಬ್ಬಳ್ಳಿ